ಅನ್ನದ ನಂಟು

ಮನೆಗೆ ಬಂದವರಿಗೆ ಅನ್ನವಿಡುವುದು ಜಗತ್ತಿನ ಎಲ್ಲ ಜನಾಂಗಗಳಲ್ಲಿಯೂ ಕಂಡುಬರುವ ಧರ್ಮ. ಅತಿಥಿಯನ್ನು ದೇವರೆಂದು ಕಾಣಬೇಕೆಂದು ಉಪನಿಷತ್ತು ಬೋಧಿಸಿದೆ. ಆದರೆ ಈ ಧರ್ಮವನ್ನು ಆಚರಿಸುವ ರೀತಿ ಒಂದೊಂದು ನಾಡಿನಲ್ಲಿ ಒಂದೊಂದು ಬಗೆ. ಏನನ್ನು ಬಡಿಸಬೇಕು, ಹೇಗೆ ಉಣ್ಣಬೇಕು, ಉಂಡ ಮೇಲೆ ಏನು ಹೇಳಬೇಕು ಎಂಬುದನ್ನು ಆಯಾ ನಾಡಿನ ಸಂಪ್ರದಾಯ ನಿಶ್ಚಯಿಸುತ್ತದೆ. ಆ ಸಂಪ್ರದಾಯದ ಹಿಂದೆ ಹಲವು ತಲೆಮಾರುಗಳ ಅನುಭವ ಅಡಗಿರುತ್ತದೆ. ಅದನ್ನು ಅರಿಯದೆ ಉಂಡವನಿಗೆ ಹೊಟ್ಟೆ ತುಂಬೀತು. ಅರಿತು ಉಂಡವನಿಗೆ ಒಂದು ಜನಾಂಗದ ಬದುಕೇ ಪರಿಚಯವಾಗುತ್ತದೆ. ಕೃಷ್ಣಾ ತೀರದ ಒಲೆಯನ್ನೂ ಭೂಮಿಯ ಮತ್ತೊಂದು ಬದಿಯಲ್ಲಿರುವ ಮಾಯಾ ಜನರ ಒಲೆಯನ್ನೂ ಹೋಲಿಸಿ ನೋಡಿದರೆ ಈ ಮಾತು ಎಷ್ಟು ದಿಟವೆಂಬುದು ತಿಳಿಯುತ್ತದೆ.

ಬಾಗಲಕೋಟೆ ಜಿಲ್ಲೆಯ ಗಲಗಲಿ ಕೃಷ್ಣಾ ನದಿಯ ದಂಡೆಯ ಮೇಲಿರುವ ಹಳೆಯ ಊರು. ಗಾಲವ ಋಷಿಯ ಹೆಸರಿನಿಂದ ಈ ಊರಿಗೆ ಗಲಗಲಿಯೆಂಬ ಹೆಸರು ಬಂದಿತೆಂದು ಐತಿಹ್ಯವಿದೆ. ಸಂಸ್ಕೃತ ಪಂಡಿತರಿಗೆ ಹೆಸರಾದ ಈ ಊರು ಗಲಗಲಿ ಅವ್ವನೆಂಬ ಹರಿದಾಸಿಯ ಊರೂ ಹೌದು. ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿ ಸೀಮೆಗಳಲ್ಲಿ ಕಪ್ಪು ಎರೆಭೂಮಿ ಹರಡಿದೆ. ಹಿಂಗಾರಿನಲ್ಲಿ ಬಿಳಿಜೋಳ ಬೆಳೆಯಲು ಈ ನೆಲ ಬಹಳ ಯೋಗ್ಯವಾದುದು. ಆದುದರಿಂದ ಇಲ್ಲಿನ ಜನರ ಊಟದಲ್ಲಿ ಜೋಳದ ರೊಟ್ಟಿಗೆ ಮೊದಲ ಸ್ಥಾನ.

ಈ ಸೀಮೆಯ ಮನೆಗೆ ಅತಿಥಿ ಬಂದಾಗ ಮೊದಲು ಕೈಕಾಲು ತೊಳೆಯಲು ನೀರು ಕೊಡುತ್ತಾರೆ. ಬಿಸಿಲಲ್ಲಿ ನಡೆದು ಬಂದವನಿಗೆ ಬೆಲ್ಲದ ಚೂರು ಹಾಗೂ ಒಂದು ತಂಬಿಗೆ ತಣ್ಣೀರು ಕೊಡುವ ರೂಢಿ ಹಿಂದಿನಿಂದಲೂ ಬಂದಿದೆ. ಬಂದ ಕೆಲಸವೇನೆಂದು ಕೂಡಲೇ ಕೇಳುವುದು ಸಭ್ಯತೆಯಲ್ಲ. “ಬರ್ರಿ, ಕೂಡ್ರಿ” ಎಂಬುದು ಮೊದಲ ಮಾತು; “ಊಟಕ್ಕ ಏಳ್ರಿ” ಎಂಬುದು ಎರಡನೆಯದು. ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ ಬದನೆ ಪಲ್ಯ, ಮಡಿಕೆಕಾಳು, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿಯ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಇರುತ್ತವೆ. ಅತಿಥಿ “ಸಾಕ್ರಿ ಅಕ್ಕಾರ” ಎಂದರೂ ಮನೆಯೊಡತಿ ಬಿಸಿರೊಟ್ಟಿಯ ಇನ್ನೊಂದು ತುಂಡನ್ನು ನೀಡದೆ ಬಿಡುವುದಿಲ್ಲ. ಮೊದಲ ಸಲ “ಸಾಕು” ಎಂದುದು ಸಂಕೋಚವೋ ನಿಜವೋ ಎಂಬುದನ್ನು ಆಕೆ ಹೀಗೆ ಪರೀಕ್ಷಿಸುತ್ತಾಳೆ. ಹೊರಡುವಾಗ ಅತಿಥಿ “ಹೋಗುತ್ತೇನೆ” ಎನ್ನುವುದಿಲ್ಲ. “ಹೋಗಿ ಬರುತ್ತೇನೆ” ಎನ್ನುತ್ತಾನೆ. ಉಂಡ ಮನೆಯ ನಂಟು ಕಡಿಯಬಾರದೆಂಬ ಭಾವನೆ ಆ ಒಂದು ಮಾತಿನಲ್ಲಿದೆ.

ರೊಟ್ಟಿ ಬಡಿಯುವುದು ನೋಡುವವರಿಗೆ ಸುಲಭವೆಂದು ತೋರಿದರೂ ಅದರಲ್ಲಿ ಸೂಕ್ಷ್ಮವಾದ ತಿಳಿವಳಿಕೆಯಿದೆ. ಗೋದಿಯ ಹಿಟ್ಟು ನೀರು ತಾಗಿದೊಡನೆ ಎಳೆದಂತೆ ಹಿಗ್ಗುತ್ತದೆ. ಜೋಳದ ಹಿಟ್ಟಿಗೆ ಆ ಗುಣವಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಅದು ಒಡೆದುಹೋಗುತ್ತದೆ. ಆದುದರಿಂದ ಕುದಿಯುವ ನೀರನ್ನು ಸುರಿದು ನಾದುತ್ತಾರೆ. ಬಿಸಿಗೆ ಹಿಟ್ಟಿನಲ್ಲಿರುವ ಪಿಷ್ಟ ಅಂಟಾಗಿ ಜಿಗಿ ಹುಟ್ಟುತ್ತದೆ. ಅನಂತರ ಒಣಹಿಟ್ಟನ್ನು ಉದುರಿಸಿ, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಚಂದ್ರಬಿಂಬದಂತೆ ದುಂಡಗೆ ಮಾಡಿ, ಕಾದ ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಿ, ಕೊನೆಗೆ ಕೆಂಡದ ಶಾಖದಲ್ಲಿ ಉಬ್ಬಿಸುತ್ತಾರೆ. ಹಿಟ್ಟಿನ ಕೊರತೆಯನ್ನು ನೀರಿನ ಬಿಸಿಯಿಂದ ನೀಗಿಸುವ ಈ ಉಪಾಯವನ್ನು ಯಾವ ಗ್ರಂಥವೂ ಕಲಿಸಲಿಲ್ಲ. ತಾಯಿಯ ಕೈಯನ್ನು ನೋಡಿ ಮಗಳು ಕಲಿತಳು.

ಇಂತಹದೇ ಇನ್ನೊಂದು ಒಲೆ ಸಾಗರಗಳಾಚೆ, ಅಮೆರಿಕ ಖಂಡದ ನಡುಭಾಗದಲ್ಲಿ ಉರಿಯುತ್ತಿದೆ. ಅದು ಮಾಯಾ ಜನರ ಒಲೆ. ಈ ಹೆಸರಿಗೂ ಸಂಸ್ಕೃತದ ‘ಮಾಯೆ’ ಎಂಬ ಶಬ್ದಕ್ಕೂ ಯಾವ ಸಂಬಂಧವೂ ಇಲ್ಲ. ಗ್ವಾಟೆಮಾಲಾ, ಬೆಲೀಜ್, ದಕ್ಷಿಣ ಮೆಕ್ಸಿಕೊ ಮೊದಲಾದ ಕಡೆಗಳಲ್ಲಿ ವಾಸಿಸುವ ಅನೇಕ ಸಮುದಾಯಗಳಿಗೆ ಒಟ್ಟಾಗಿ ಈ ಹೆಸರಿದೆ. ಕಾಡಿನ ನಡುವೆ ಕಲ್ಲಿನ ಪಿರಮಿಡ್ಡುಗಳನ್ನು ಕಟ್ಟಿದ, ಸೊನ್ನೆಯನ್ನು ಬಳಸಿ ಕಾಲಗಣನೆ ಮಾಡಿದ ಪ್ರಾಚೀನ ಮಾಯಾ ಜನರ ವಿಷಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಆ ಜನರು ಅಳಿದುಹೋದರೆಂಬುದು ತಪ್ಪು ಕಲ್ಪನೆ. ೨೦೧೮ರ ಜನಗಣತಿಯ ಪ್ರಕಾರ ಗ್ವಾಟೆಮಾಲಾದ ಪ್ರತಿ ಹತ್ತು ಜನರಲ್ಲಿ ನಾಲ್ವರು ಮಾಯಾ ಜನರು. ಅವರ ಭಾಷೆಗಳಲ್ಲಿ ಕಿಚೆ ಎಂಬುದು ಬಹು ಜನರು ಆಡುವ ಭಾಷೆಗಳಲ್ಲೊಂದು.

ಗ್ವಾಟೆಮಾಲಾದ ಕೆಲವು ಊರುಗಳಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಕಲಿಸುವ ಶಾಲೆಗಳಿವೆ. ಅಲ್ಲಿಗೆ ದೂರದ ದೇಶಗಳಿಂದ ಬರುವ ವಿದ್ಯಾರ್ಥಿಗಳು ಅನೇಕ ವೇಳೆ ವಸತಿಗೃಹದಲ್ಲಿ ಇಳಿಯದೆ ಸ್ಥಳೀಯ ಕುಟುಂಬವೊಂದರಲ್ಲಿ ವಾಸಿಸುತ್ತಾರೆ. ಆತಿಥೇಯರ ಮನೆಯಲ್ಲಿಯೇ ಅವರ ಊಟ. ಪುಸ್ತಕದಲ್ಲಿ ಕಲಿತ ಮಾತನ್ನು ಊಟದ ವೇಳೆಯಲ್ಲಿ ಆಡಿ ರೂಢಿಮಾಡಿಕೊಳ್ಳುತ್ತಾರೆ. ಅವರು ಕೊಡುವ ಹಣದಿಂದ ಮನೆಯವರಿಗೆ ಸಹಾಯವಾಗುತ್ತದೆ. ಆದರೆ ಹಣ ಕೊಟ್ಟ ಮಾತ್ರಕ್ಕೆ ಅತಿಥಿಯ ಕರ್ತವ್ಯ ಮುಗಿಯುವುದಿಲ್ಲ. ಮನೆಯ ಹಿರಿಯರನ್ನು ಗೌರವದಿಂದ ಕರೆಯಬೇಕು. ಕಿಚೆ ಭಾಷೆಯಲ್ಲಿ ಹಿರಿಯ ಹೆಂಗಸನ್ನು ‘ನಾನ್’ ಎಂದೂ ಹಿರಿಯ ಗಂಡಸನ್ನು ‘ತಾತ್’ ಎಂದೂ ಸಂಬೋಧಿಸುತ್ತಾರೆ. ಕನ್ನಡದ ‘ತಾತ’ ಶಬ್ದದೊಡನೆ ಇದಕ್ಕಿರುವ ಹೋಲಿಕೆ ಕೇವಲ ಆಕಸ್ಮಿಕ. ಆದರೂ ಕನ್ನಡ ನಾಡಿನಿಂದ ಹೋದವನ ಕಿವಿಗೆ ಆ ಕರೆ ಇಂಪಾಗಿ ಕೇಳಿಸದಿರದು.

ಹಳೆಯ ಪದ್ಧತಿಯ ಮಾಯಾ ಮನೆಗಳಲ್ಲಿ ಒಲೆಯೆಂದರೆ ನೆಲದ ಮೇಲೆ ಇಟ್ಟ ಮೂರು ಕಲ್ಲುಗಳು. ಸೃಷ್ಟಿಯ ಆದಿಯಲ್ಲಿ ದೇವತೆಗಳು ಮೊದಲು ಮೂರು ಕಲ್ಲುಗಳನ್ನು ನೆಟ್ಟರೆಂದು ಅವರ ಪ್ರಾಚೀನ ಶಾಸನಗಳು ಹೇಳುತ್ತವೆ. ಕನ್ನಡ ನಾಡಿನ ಹೊಲಗಳಲ್ಲಿಯೂ ಜಾತ್ರೆಯ ಬಯಲುಗಳಲ್ಲಿಯೂ ಮೂರು ಕಲ್ಲು ಹೂಡಿ ಅಡುಗೆ ಮಾಡುವುದು ಸಾಮಾನ್ಯ ದೃಶ್ಯ. ಮೂರು ಕಲ್ಲಿನ ಮೇಲಿಟ್ಟ ಗಡಿಗೆ ಎಂತಹ ನೆಲದಲ್ಲಿಯೂ ಅಲುಗದೆ ನಿಲ್ಲುತ್ತದೆಂಬ ಅನುಭವವನ್ನು ಎರಡು ಜನಾಂಗಗಳೂ ಬೇರೆಬೇರೆಯಾಗಿ ಕಂಡುಕೊಂಡಿವೆ.

ಮಾಯಾ ಜನರ ಮುಖ್ಯ ಧಾನ್ಯ ಗೋವಿನಜೋಳ. ದೇವತೆಗಳು ಮನುಷ್ಯನನ್ನು ಮೊದಲು ಮಣ್ಣಿನಿಂದಲೂ ಅನಂತರ ಮರದಿಂದಲೂ ಮಾಡಿ ಸೋತು, ಕೊನೆಗೆ ಹಳದಿ ಮತ್ತು ಬಿಳಿಯ ಗೋವಿನಜೋಳದ ಹಿಟ್ಟಿನಿಂದ ಮಾಡಿದರೆಂಬ ಕಥೆ ‘ಪೋಪೋಲ್ ವೂಹ್’ ಎಂಬ ಕಿಚೆ ಜನರ ಗ್ರಂಥದಲ್ಲಿದೆ. ತಮ್ಮ ದೇಹವೇ ಆ ಧಾನ್ಯದಿಂದ ಆದುದೆಂದು ನಂಬುವ ಜನರು ನೆಲಕ್ಕೆ ಬಿದ್ದ ಕಾಳನ್ನು ತುಳಿಯದೆ ಆರಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಕೃಷ್ಣಾ ತೀರದ ರೈತನೂ ರಾಶಿಯ ಕಣದಲ್ಲಿ ಚಪ್ಪಲಿ ಕಳಚಿ ಕಾಲಿಡುತ್ತಾನೆ. ಕಾಳಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ.

ಮಾಯಾ ಗೃಹಿಣಿ ಸಂಜೆ ಗೋವಿನಜೋಳದ ಕಾಳುಗಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಯಲು ಬಿಡುತ್ತಾಳೆ. ಬೆಳಿಗ್ಗೆ ಅವನ್ನು ಚೆನ್ನಾಗಿ ತೊಳೆದು ಸಿಪ್ಪೆ ಕಳೆದು, ಕಲ್ಲಿನ ಮೇಲೆ ಅರೆದು ಹಿಟ್ಟಿನ ಮುದ್ದೆ ಮಾಡುತ್ತಾಳೆ. ಈಗ ಅರೆಯುವ ಕೆಲಸವನ್ನು ಅನೇಕ ಊರುಗಳಲ್ಲಿ ಗಿರಣಿ ವಹಿಸಿಕೊಂಡಿದೆ. ಆ ಮುದ್ದೆಯಿಂದ ಸಣ್ಣ ಉಂಡೆಗಳನ್ನು ತೆಗೆದು ಎರಡು ಅಂಗೈಗಳ ನಡುವೆ ಪಟಪಟನೆ ತಟ್ಟಿ ‘ಕೋಮಾಲ್’ ಎಂಬ ಹಂಚಿನ ಮೇಲೆ ಬೇಯಿಸುತ್ತಾಳೆ. ಹೀಗೆ ಸಿದ್ಧವಾಗುವ ರೊಟ್ಟಿಗೆ ತೋರ್ತಿಯಾ ಎಂದು ಹೆಸರು. ಬಿಸಿ ಆರದಂತೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ಬಡಿಸುತ್ತಾರೆ. ಅದರ ತುಂಡಿನಿಂದಲೇ ಬೇಯಿಸಿದ ಅವರೆಜಾತಿಯ ಕಾಳನ್ನೂ ಮೆಣಸಿನಕಾಯಿಯ ಚಟ್ನಿಯನ್ನೂ ಬಳಿದು ತಿನ್ನುತ್ತಾರೆ. ಗಲಗಲಿಯ ಕಡೆಯವನು ಆ ಮನೆಯಲ್ಲಿ ಕುಳಿತರೆ ಹೇಗೆ ಉಣ್ಣಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಉಂಡು ಏಳುವಾಗ ಮಾತ್ರ ಹೊಸದೊಂದನ್ನು ಕಲಿಯಬೇಕು. ಅಡುಗೆ ಮಾಡಿದವರಿಗೆ, ಜೊತೆಯಲ್ಲಿ ಕುಳಿತವರಿಗೆ, ಹಿರಿಯರಿಗೆ, ಕಿರಿಯರಿಗೆ, ಎಲ್ಲರಿಗೂ ಕೃತಜ್ಞತೆ ಹೇಳುವುದು ಅಲ್ಲಿನ ಸಂಪ್ರದಾಯ. ಕಿಚೆ ಭಾಷೆಯಲ್ಲಿ ಅದಕ್ಕೆ ‘ಮಾಲ್ತ್ಯೋಷ್’ ಎನ್ನುತ್ತಾರೆ.

ಎಲ್ಲ ಆಚಾರಗಳೂ ಹೀಗೆ ಹೊಂದಿಕೊಳ್ಳುವುದಿಲ್ಲ. ಮಾಯಾ ಜನರ ಹಬ್ಬದ ಅಡುಗೆಯಲ್ಲಿ ಕೋಳಿಯ ಮಾಂಸವಿರುತ್ತದೆ. ಕಾಳಿನ ಪಲ್ಯಕ್ಕೂ ಕೆಲವೊಮ್ಮೆ ಹಂದಿಯ ಕೊಬ್ಬನ್ನು ಹಾಕುತ್ತಾರೆ. ಮಾಂಸಾಹಾರವನ್ನು ಬಿಟ್ಟ ಮನೆತನದಿಂದ ಹೋದ ಅತಿಥಿ ಇಲ್ಲಿ ಇಕ್ಕಟ್ಟಿಗೆ ಒಳಗಾಗುತ್ತಾನೆ. ಬಡಿಸಿದ ಮೇಲೆ ಮುಖ ಸಿಂಡರಿಸಿ ತಟ್ಟೆಯನ್ನು ಸರಿಸಿದರೆ ಮನೆಯವರ ಮನಸ್ಸು ನೋಯುತ್ತದೆ. ಸುಮ್ಮನೆ ಉಂಡರೆ ಅವನ ಮನಸ್ಸು ನೋಯುತ್ತದೆ. ಮೊದಲ ದಿನವೇ ತನ್ನ ಮನೆಯ ಪದ್ಧತಿಯನ್ನು ವಿನಯದಿಂದ ತಿಳಿಸುವುದೊಂದೇ ಸರಿಯಾದ ಮಾರ್ಗ. ತೋರ್ತಿಯಾ, ಕಾಳು, ಕುಂಬಳ, ಸೊಪ್ಪು ಆ ಮನೆಯ ನಿತ್ಯದ ಆಹಾರವೇ ಆಗಿರುವುದರಿಂದ ಗೃಹಿಣಿಗೆ ಕಷ್ಟವಾಗದು. ತನ್ನ ನಿಯಮವನ್ನು ಪಾಲಿಸುವುದು ತಪ್ಪಲ್ಲ. ಅದನ್ನು ಹೆಚ್ಚಿನದೆಂದು ಸಾರಿ ಇನ್ನೊಬ್ಬರ ಅನ್ನವನ್ನು ಹೀನವೆಂದು ಕಾಣುವುದು ತಪ್ಪು.

ಹಾಗೆ ನೋಡಿದರೆ ಕೃಷ್ಣಾ ತೀರದ ತಾಟಿನಲ್ಲಿಯೂ ಹೊರನಾಡಿನಿಂದ ಬಂದ ಅತಿಥಿಗಳೇ ತುಂಬಿದ್ದಾರೆ. ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ, ಆಲೂಗಡ್ಡೆ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಕೊಲಂಬಸ್ಸನು ೧೪೯೨ರಲ್ಲಿ ಆ ಖಂಡವನ್ನು ತಲುಪುವ ಮುನ್ನ ಭಾರತದಲ್ಲಿ ಯಾರೂ ಮೆಣಸಿನಕಾಯಿಯನ್ನು ಕಂಡಿರಲಿಲ್ಲ. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಹಡಗುಗಳೊಡನೆ ಇಂತಹ ಅನೇಕ ಬೆಳೆಗಳು ಪಶ್ಚಿಮ ಕರಾವಳಿಗೆ ಬಂದವು. ಚಿಕ್ಕು ಹಣ್ಣು ಮಾಯಾ ನಾಡಿನ ಕಾಡುಗಳದು. ಬೆಂಗಳೂರಿನವರು ಸೀಮೆಬದನೆಯೆಂದು ಕೊಳ್ಳುವ ತರಕಾರಿಯೂ ಆ ಕಡೆಯದೇ. ಗ್ವಾಟೆಮಾಲಾದ ಮನೆಗಳಲ್ಲಿ ಅದು ಇಂದಿಗೂ ನಿತ್ಯದ ಅಡುಗೆ. ಬಿಳಿಜೋಳವಾದರೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದು ನೆಲೆಸಿದ ಧಾನ್ಯ. ಹೀಗೆ ಬಂದವುಗಳಿಗೆ ಕನ್ನಡಿಗರು ತಮ್ಮ ಮನೆಯ ಹೆಸರನ್ನೇ ಇಟ್ಟರು. ಖಾರಕ್ಕೆ ಮೊದಲಿದ್ದುದು ಮೆಣಸು; ಹೊಸದಾಗಿ ಬಂದುದು ಮೆಣಸಿನಕಾಯಿ ಆಯಿತು. ಮೊದಲಿದ್ದುದು ಜೋಳ; ಹೊಸದು ಗೋವಿನಜೋಳ, ಮೆಕ್ಕೆಜೋಳ ಆಯಿತು. ಮನೆತನದ ಹೆಸರು ಪಡೆದ ಮೇಲೆ ಅತಿಥಿ ಮನೆಯವನೇ ಆಗಿಬಿಡುತ್ತಾನೆ.

ಆದರೆ ಬೀಜವನ್ನು ಒಯ್ದವರು ಎಲ್ಲ ಕಡೆಗಳಲ್ಲಿಯೂ ಆಚಾರವನ್ನು ಒಯ್ಯಲಿಲ್ಲ. ಇದರಿಂದ ಒದಗಿದ ಅನರ್ಥ ಬಹಳ ದೊಡ್ಡದು. ಗೋವಿನಜೋಳ ಯೂರೋಪಿಗೆ ಹೋದಾಗ ಅಲ್ಲಿನವರು ಅದನ್ನು ಸುಲಭವಾಗಿ ಬೆಳೆದು ಬಡವರ ಆಹಾರವನ್ನಾಗಿ ಮಾಡಿಕೊಂಡರು. ಕಾಳನ್ನು ಸುಣ್ಣದಲ್ಲಿ ಬೇಯಿಸುವ ಪದ್ಧತಿಯನ್ನು ಮಾತ್ರ ಕಲಿಯಲಿಲ್ಲ. ಕೆಲಕಾಲದ ಮೇಲೆ ಆ ಬಡವರಲ್ಲಿ ವಿಚಿತ್ರವಾದ ರೋಗವೊಂದು ಕಾಣಿಸಿಕೊಂಡಿತು. ಬಿಸಿಲು ತಾಗುವ ಕಡೆ ಚರ್ಮ ಕೆಂಪಾಗಿ ಒರಟಾಗುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು, ಇವು ಅದರ ಲಕ್ಷಣಗಳು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ೧೭೩೫ರಲ್ಲಿ ಅದನ್ನು ಗುರುತಿಸಿದನು. ಇಟಲಿಯಲ್ಲಿ ಅದಕ್ಕೆ ಪೆಲಾಗ್ರ ಎಂಬ ಹೆಸರು ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಲಕ್ಷಾಂತರ ಜನರು ಅದಕ್ಕೆ ತುತ್ತಾದರು. ಇದು ಅಂಟುರೋಗವಲ್ಲ, ಆಹಾರದ ಕೊರತೆಯಿಂದ ಬರುವುದೆಂದು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ೧೯೧೪ರಿಂದ ಮುಂದಕ್ಕೆ ನಡೆಸಿದ ಸಂಶೋಧನೆಗಳಿಂದ ತೋರಿಸಿಕೊಟ್ಟನು. ಕೊರತೆಯಾಗಿದ್ದುದು ನಯಾಸಿನ್ ಎಂಬ ಜೀವಸತ್ವವೆಂದು ೧೯೩೭ರಲ್ಲಿ ತಿಳಿಯಿತು.

ಗೋವಿನಜೋಳದಲ್ಲಿ ನಯಾಸಿನ್ ಇದ್ದರೂ ಅದು ಬೇರೆ ವಸ್ತುಗಳೊಡನೆ ಬೆಸೆದುಕೊಂಡಿರುವುದರಿಂದ ದೇಹಕ್ಕೆ ದಕ್ಕುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿದಾಗ ಆ ಬೆಸುಗೆ ಬಿಡುತ್ತದೆ. ಅಷ್ಟೇ ಅಲ್ಲದೆ ಹಿಟ್ಟಿಗೆ ಜಿಗಿ ಬರುತ್ತದೆ, ದೇಹಕ್ಕೆ ಸುಣ್ಣಾಂಶವೂ ದೊರೆಯುತ್ತದೆ. ಮಾಯಾ ಗೃಹಿಣಿಗೆ ನಯಾಸಿನ್ ಎಂಬ ಹೆಸರು ತಿಳಿದಿರಲಿಲ್ಲ. ಆದರೆ ಅವಳ ಮಕ್ಕಳಿಗೆ ಆ ರೋಗ ಬರಲಿಲ್ಲ. ಧಾನ್ಯವನ್ನು ಪಡೆದವರು ಅದನ್ನು ಬೇಯಿಸುವ ಬಗೆಯನ್ನೂ ಅವಳಿಂದ ಕೇಳಿ ತಿಳಿದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು. ಸೋತ ಜನರಿಂದ ಕಲಿಯುವುದೇನಿದೆ ಎಂಬ ತಾತ್ಸಾರಕ್ಕೆ ತೆತ್ತ ಬೆಲೆ ಅದು.

ಈ ಪಾಠ ದಖ್ಖನಿನ ಜೋಳದ ನಾಡಿಗೂ ಅನ್ವಯಿಸುತ್ತದೆ. ಜೋಳವೊಂದನ್ನೇ ನೆಚ್ಚಿದ ಬಡವರಲ್ಲಿಯೂ ಪೆಲಾಗ್ರ ಕಾಣಿಸಿಕೊಳ್ಳುತ್ತದೆಂಬುದನ್ನು ಹೈದರಾಬಾದಿನಲ್ಲಿ ಪೋಷಣೆಯ ಬಗ್ಗೆ ಸಂಶೋಧನೆ ನಡೆಸಿದ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ೧೯೬೦ರಲ್ಲಿ ತಿಳಿಸಿದರು. ರೊಟ್ಟಿಯೊಡನೆ ಕಾಳು, ಹಿಂಡಿ, ಸೊಪ್ಪು, ಮಜ್ಜಿಗೆ ಇರಲೇಬೇಕೆಂಬ ಹಿರಿಯರ ಹಟ ಕೇವಲ ನಾಲಗೆಯ ಚಪಲವಲ್ಲ. ತಾಟಿನಲ್ಲಿ ಒಂದು ಇನ್ನೊಂದರ ಕೊರತೆಯನ್ನು ತುಂಬುತ್ತದೆ. ಹೊಲದಲ್ಲಿಯೂ ಹಾಗೆಯೇ. ಮಾಯಾ ರೈತನು ‘ಮಿಲ್ಪಾ’ ಎಂಬ ತನ್ನ ಹೊಲದಲ್ಲಿ ಗೋವಿನಜೋಳ, ಹಬ್ಬುವ ಕಾಳು, ಕುಂಬಳ ಈ ಮೂರನ್ನೂ ಒಟ್ಟಿಗೆ ಬಿತ್ತುತ್ತಾನೆ. ಕಾಳಿನ ಬಳ್ಳಿಗೆ ದಂಟು ಆಸರೆಯಾಗುತ್ತದೆ. ಬಳ್ಳಿ ನೆಲಕ್ಕೆ ಸಾರಜನಕ ಸೇರಿಸುತ್ತದೆ. ಕುಂಬಳದ ಎಲೆ ನೆಲವನ್ನು ಮುಚ್ಚಿ ತೇವ ಕಾಯುತ್ತದೆ. ಮುಖ್ಯ ಬೆಳೆಯ ಸಾಲುಗಳ ನಡುವೆ ಕಾಳುಗಳನ್ನು ಅಕ್ಕಡಿಯಾಗಿ ಬಿತ್ತುವ ಕನ್ನಡ ರೈತನಿಗೆ ಈ ಮರ್ಮ ಹೊಸದೇನಲ್ಲ.

ಅನ್ನವನ್ನು ಹಂಚಿ ಉಣ್ಣುವ ಹಬ್ಬಗಳಲ್ಲಿಯೂ ಎರಡು ನಾಡುಗಳಿಗೆ ಸಾಮ್ಯವಿದೆ. ಎಳ್ಳಮಾವಾಸ್ಯೆಯಂದು ಕೃಷ್ಣಾ ತೀರದ ರೈತರು ಸಜ್ಜೆರೊಟ್ಟಿ, ಶೇಂಗಾಹೋಳಿಗೆ, ಕಡುಬು, ಪಲ್ಯಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ನೆಂಟರು ನೆರೆಯವರೊಡನೆ ಕುಳಿತು ಉಣ್ಣುತ್ತಾರೆ. ಮಳೆ ತಡವಾದಾಗ ಮಕ್ಕಳು ಗುರ್ಜಿಯನ್ನು ಹಂಚಿನ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯವರೂ ನೀರೆರೆದು ಹಿಟ್ಟು ಕಾಳು ನೀಡುತ್ತಾರೆ. ಕೂಡಿದ ಹಿಟ್ಟಿನಿಂದ ಅಡುಗೆ ಮಾಡಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಮಳೆಗಾಗಿ ಕಪ್ಪೆಗಳ ಮದುವೆ ಮಾಡುವ ರೂಢಿಯೂ ಕನ್ನಡ ನಾಡಿನಲ್ಲಿದೆ. ಮೆಕ್ಸಿಕೊ ದೇಶದ ಯುಕಟಾನಿನಲ್ಲಿ ಮಾಯಾ ರೈತರು ಚಾಕ್ ಎಂಬ ಮಳೆದೇವತೆಯನ್ನು ಕರೆಯುವಾಗ, ಹುಡುಗರು ಪೂಜೆಯ ಮಂಟಪದ ಕೆಳಗೆ ಕುಳಿತು ಕಪ್ಪೆಗಳಂತೆ ವಟಗುಟ್ಟುತ್ತಾರೆ. ಪೂಜೆ ಮುಗಿದ ಮೇಲೆ ನೈವೇದ್ಯದ ಅಡುಗೆಯನ್ನು ಕೂಡಿದವರೆಲ್ಲ ಹಂಚಿಕೊಂಡು ತಿನ್ನುತ್ತಾರೆ. ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ಮುಗಿಲನ್ನು ನೋಡಿ ಒಂದೇ ಬಗೆಯಾಗಿ ಹಂಬಲಿಸಿದ್ದು ಸೋಜಿಗದ ವಿಷಯ.

ಇಷ್ಟೆಲ್ಲ ಹೇಳಿದ ಮೇಲೆ ಕಹಿಯಾದ ಸತ್ಯವೊಂದನ್ನು ಮರೆಮಾಚಬಾರದು. ಅತಿಥಿಸತ್ಕಾರಕ್ಕೆ ಹೆಸರಾದ ಕನ್ನಡ ನಾಡಿನಲ್ಲಿಯೇ ಜಾತಿಯ ಕಾರಣದಿಂದ ಪಂಕ್ತಿಭೇದ ಬಹುಕಾಲ ನಡೆಯಿತು. ಹೊಲದಲ್ಲಿ ದುಡಿದು ಜೋಳ ಬೆಳೆದವನೇ ಮನೆಯ ಹೊರಗೆ ನಿಂತು ರೊಟ್ಟಿಗೆ ಕೈಯೊಡ್ಡಬೇಕಾಯಿತು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಇತರ ಶರಣರೂ ಕಾಯಕದೊಡನೆ ದಾಸೋಹವನ್ನು ಬೋಧಿಸಿ ಈ ಭೇದವನ್ನು ಖಂಡಿಸಿದರು. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಈ ಜಿಲ್ಲೆಯಲ್ಲಿಯೇ ಇದೆ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆದರೂ ಆ ಭೇದದ ಬೇರು ಪೂರ್ತಿಯಾಗಿ ಒಣಗಿಲ್ಲ.

ಮಾಯಾ ಜನರ ಪಾಲಿಗೂ ಇಂತಹ ಅವಮಾನ ತಪ್ಪಲಿಲ್ಲ. ೧೫೨೪ರಲ್ಲಿ ಸ್ಪೇನಿನ ಸೈನ್ಯ ಗ್ವಾಟೆಮಾಲಾಕ್ಕೆ ನುಗ್ಗಿದಂದಿನಿಂದ ಅವರು ತಮ್ಮ ನಾಡಿನಲ್ಲಿಯೇ ಕೀಳಾದರು. ೧೯೬೦ರಿಂದ ೧೯೯೬ರವರೆಗೆ ನಡೆದ ಅಂತರ್ಯುದ್ಧದಲ್ಲಿ ಎರಡು ಲಕ್ಷದಷ್ಟು ಜನರು ಸತ್ತರು ಅಥವಾ ಕಾಣೆಯಾದರು. ಗುರುತು ಸಿಕ್ಕವರಲ್ಲಿ ನೂರಕ್ಕೆ ಎಂಬತ್ತಮೂರು ಮಂದಿ ಮಾಯಾ ಜನರೆಂದು ಸತ್ಯಶೋಧನಾ ಆಯೋಗ ೧೯೯೯ರಲ್ಲಿ ವರದಿ ಮಾಡಿತು. ಈ ನೋವನ್ನು ಜಗತ್ತಿಗೆ ತಿಳಿಸಿದ ಕಿಚೆ ಮಹಿಳೆ ರಿಗೊಬೆರ್ತಾ ಮೆಂಚು ೧೯೯೨ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದರು. ಇಷ್ಟೊಂದು ಕಳೆದುಕೊಂಡ ಜನರು ಪರದೇಶದವನನ್ನು ಮನೆಗೆ ಕರೆದು ಒಲೆಯ ಬಳಿ ಕೂರಿಸಿ ಬಿಸಿರೊಟ್ಟಿ ಬಡಿಸುತ್ತಾರೆಂಬುದು ಸಣ್ಣ ಮಾತಲ್ಲ. ಅವರ ಅನ್ನವನ್ನು ಉಣ್ಣುವವನು ಈ ಇತಿಹಾಸವನ್ನೂ ತಿಳಿದಿರಬೇಕು.

ಎರಡು ನಾಡುಗಳಲ್ಲಿಯೂ ಎಲ್ಲರಿಗಿಂತ ಮೊದಲು ಎದ್ದು ಒಲೆ ಹೊತ್ತಿಸುವವಳೂ ಎಲ್ಲರಿಗಿಂತ ಕೊನೆಗೆ ಉಣ್ಣುವವಳೂ ಅನೇಕ ಮನೆಗಳಲ್ಲಿ ಹೆಂಗಸೇ. ಅವಳ ಅಂಗೈಯ ಸಪ್ಪಳದಲ್ಲಿ ಒಂದು ಜನಾಂಗದ ವಿದ್ಯೆಯೇ ಅಡಗಿದೆ. ಅತಿಥಿಯಾದವನು ಹೊಗಳಿಕೆಯ ಮಾತಿನಿಂದಷ್ಟೇ ಆ ಋಣ ತೀರಿತೆಂದು ತಿಳಿಯಬಾರದು. ‘ಇದನ್ನು ಹೀಗೇಕೆ ಮಾಡುತ್ತೀರಿ?’ ಎಂದು ವಿನಯದಿಂದ ಕೇಳಬೇಕು, ಹೇಳಿದುದನ್ನು ಮನಸ್ಸಿಟ್ಟು ಆಲಿಸಬೇಕು, ತನ್ನ ಮನೆಯ ರೀತಿಯನ್ನು ಅವರಿಗೂ ತಿಳಿಸಬೇಕು. ಹೀಗೆ ಕೊಟ್ಟು ಕೊಂಡಾಗ ಇಬ್ಬರಿಗೂ ನಷ್ಟವಿಲ್ಲ. ಇಬ್ಬರ ತಿಳಿವಳಿಕೆಯೂ ಬೆಳೆಯುತ್ತದೆ. ಪರರ ಧಾನ್ಯವನ್ನು ಒಯ್ಯುವುದು ವ್ಯಾಪಾರ. ಅವರ ಅನುಭವವನ್ನು ಗೌರವದಿಂದ ಕೇಳಿ ಕಲಿಯುವುದು ನಂಟು.